ಕಿಟಕಿಯ ಬೆಳಕು, ಐದಡಿ ದೂರ

ಉದ್ಯೋಗದ ಅರ್ಜಿ, ಸಂಸ್ಥೆಯ ಜಾಲತಾಣ, ವಿಚಾರಸಂಕಿರಣದ ಆಹ್ವಾನಪತ್ರಿಕೆ, ಪುಸ್ತಕದ ಹಿಂಬದಿಯ ರಕ್ಷಾಪುಟ ಮುಂತಾದ ಕಡೆ ಬಳಕೆಯಾಗುವ, ತಲೆಯಿಂದ ಹೆಗಲಿನ ತುಸು ಕೆಳಗಿನವರೆಗಿನ ಭಾಗವನ್ನಷ್ಟೇ ತೋರಿಸುವ ಭಾವಚಿತ್ರವನ್ನು ಛಾಯಾಗ್ರಾಹಕರು ಹೆಡ್‌ಶಾಟ್ ಎನ್ನುತ್ತಾರೆ. ಹಿಂದೆ ಸ್ಟುಡಿಯೋಗೆ ಹೋಗಿ ತೆಗೆಸಿಕೊಳ್ಳುತ್ತಿದ್ದ ಈ ಚಿತ್ರವನ್ನು ಮನೆಯಲ್ಲೇ ಫೋನಿನಿಂದ ತೆಗೆದುಕೊಳ್ಳುವುದು ಈಗ ವಾಡಿಕೆಯಾಗಿದೆ. ಆದರೆ ಹಾಗೆ ತೆಗೆದ ಚಿತ್ರ ಅವಸರದ್ದೆಂಬುದು ಬಹಳಷ್ಟು ಸಲ ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ. ಇದರ ತಪ್ಪನ್ನು ಫೋನಿನ ಬೆಲೆಯ ಮೇಲೆ ಹೊರಿಸುವುದು ರೂಢಿ. ವಾಸ್ತವದಲ್ಲಿ ಮಧ್ಯಮ ಬೆಲೆಯ ಫೋನಿನ ಹಿಂಬದಿ ಕ್ಯಾಮೆರಾ ಕೂಡ ಈ ಕೆಲಸಕ್ಕೆ ಸಾಕಾಗುತ್ತದೆ, ಚಿತ್ರ ಕೆಡುವುದು ಹೆಚ್ಚಾಗಿ ಮುಖಕ್ಕೂ ಕ್ಯಾಮೆರಾಕ್ಕೂ ಇರುವ ದೂರದಿಂದ ಮತ್ತು ಬೆಳಕು ಬೀಳುವ ದಿಕ್ಕಿನಿಂದ.

ದೂರದ ಲೆಕ್ಕವನ್ನು ಮೊದಲು ನೋಡಬಹುದು. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದಿಟ್ಟುಕೊಂಡರೆ, ಕೈಚಾಚಿ ತೆಗೆದ ಸೆಲ್ಫಿಯಲ್ಲಿ ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದಾಗ ಕಿವಿಯಿಂದ 42 ಸೆಂಟಿಮೀಟರ್ ದೂರದಲ್ಲಿರುತ್ತದೆ; ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಗೆ ಹೋಲಿಸಿದರೆ ಮೂಗು ಶೇ. 40ರಷ್ಟು ಹಿಗ್ಗಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು 150 ಸೆಂಟಿಮೀಟರಿಗೆ, ಅಂದರೆ ಸುಮಾರು ಐದು ಅಡಿ ಹಿಂದಕ್ಕೆ ಒಯ್ದರೆ ಈ ವ್ಯತ್ಯಾಸ ಶೇ. 8ಕ್ಕೆ ಇಳಿಯುತ್ತದೆ, ಮುಖ ಎದುರು ಕುಳಿತವರಿಗೆ ಕಾಣುವ ಅಳತೆಗೆ ಬರುತ್ತದೆ. ಸೆಲ್ಫಿ ನೋಡಿ ಮೂಗು ತಿದ್ದಿಸಿಕೊಳ್ಳಲು ಬರುವವರ ವಿಷಯವಾಗಿ ಅಮೆರಿಕದ ಶಸ್ತ್ರವೈದ್ಯರೂ ಗಣಕ ವಿಜ್ಞಾನಿಗಳೂ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ, ಐದು ಅಡಿಯಿಂದ ತೆಗೆದ ಚಿತ್ರಕ್ಕಿಂತ ಒಂದು ಅಡಿಯಿಂದ ತೆಗೆದ ಚಿತ್ರದಲ್ಲಿ ಮೂಗಿನ ಬುಡ ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆಂದು ಲೆಕ್ಕ ಹಾಕಿತ್ತು.

ಈ ವಿರೂಪ ಲೆನ್ಸಿನಿಂದ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದನ್ನು ನಿರ್ಧರಿಸುವುದು ದೂರವೊಂದೇ. ಲೆನ್ಸು ಹೇಳುವುದು ಆ ದೂರದಿಂದ ಎಷ್ಟು ಅಗಲದ ನೋಟ ಚೌಕಟ್ಟಿನೊಳಗೆ ಬರುತ್ತದೆ ಎಂಬುದನ್ನಷ್ಟೇ. ಫೋನಿನ ಮುಖ್ಯ ಕ್ಯಾಮೆರಾದ ನೋಟ ವಿಶಾಲವಾದುದರಿಂದ ಐದು ಅಡಿಯಿಂದ ಅದು ಮುಖದ ಜೊತೆಗೆ ಅರ್ಧ ಕೋಣೆಯನ್ನೂ ಸೇರಿಸಿಕೊಳ್ಳುತ್ತದೆ, ಚೌಕಟ್ಟು ತುಂಬಿಸುವ ಆಸೆಗೆ ಜನ ಮುಂದಕ್ಕೆ ಬರುತ್ತಾರೆ, ಮುಖ ಕೆಡುತ್ತದೆ. ಇದಕ್ಕೆ ಪರಿಹಾರ ಹಿಂದೆಯೇ ನಿಂತು ಎರಡು ಪಟ್ಟು ಅಥವಾ ಮೂರು ಪಟ್ಟು ಜೂಮ್ ಬಳಸುವುದು. ದೂರದೃಶ್ಯಕ್ಕೆಂದೇ ಬೇರೆ ಲೆನ್ಸ್ ಇರುವ ಕೆಲವು ಫೋನುಗಳು ಬೆಳಕು ಕಡಿಮೆಯಾದಾಗ ಸದ್ದಿಲ್ಲದೆ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತವೆ. ಜೂಮ್ ಒತ್ತಿದ ಮೇಲೆ ಹಿಂಬದಿಯ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ, ಯಾವುದನ್ನು ಮುಚ್ಚಿದಾಗ ತೆರೆ ಕಪ್ಪಾಗುತ್ತದೆ ಎಂದು ನೋಡಿದರೆ ಗುಟ್ಟು ಬಯಲಾಗುತ್ತದೆ. ಜೂಮ್ ಇಲ್ಲದ ಫೋನಿನಲ್ಲಿ ಐದು ಅಡಿಯಿಂದಲೇ ತೆಗೆದು ಆಮೇಲೆ ಅಂಚು ಕತ್ತರಿಸುವುದು ಹತ್ತಿರದಿಂದ ತೆಗೆಯುವುದಕ್ಕಿಂತ ಎಷ್ಟೋ ಮೇಲು.

ಬೆಳಕಿನ ವಿಷಯ ಇನ್ನೂ ಸೂಕ್ಷ್ಮ. ನೆರಳಿನ ಅಂಚು ಗಡುಸಾಗಿರಬೇಕೋ ಮೃದುವಾಗಿರಬೇಕೋ ಎಂಬುದನ್ನು ಬೆಳಕಿನ ಮೂಲ ಮುಖಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನಿರ್ಧರಿಸುತ್ತದೆ. ಸೂರ್ಯ ಗಾತ್ರದಲ್ಲಿ ಅಗಾಧನಾದರೂ ದೂರದಿಂದಾಗಿ ಸಣ್ಣ ಬಿಲ್ಲೆಯಷ್ಟೇ ಕಾಣುವುದರಿಂದ ನೇರ ಬಿಸಿಲು ಕಣ್ಣುಗುಳಿಯಲ್ಲೂ ಮೂಗಿನ ಕೆಳಗೂ ಕತ್ತರಿಸಿದಂಥ ನೆರಳು ಬೀಳಿಸುತ್ತದೆ. ಫೋನಿನ ಫ್ಲ್ಯಾಶ್ ಕೂಡ ಹಾಗೆಯೇ ಪುಟ್ಟದು, ಜೊತೆಗೆ ಎದುರಿನಿಂದಲೇ ಬಡಿಯುವುದರಿಂದ ಮುಖದ ಉಬ್ಬುತಗ್ಗುಗಳನ್ನು ಅಳಿಸಿ ಹಣೆಯ ಎಣ್ಣೆಯನ್ನಷ್ಟೇ ಹೊಳೆಸುತ್ತದೆ. ಬಿಸಿಲು ನೇರವಾಗಿ ಒಳಬಾರದ ದೊಡ್ಡ ಕಿಟಕಿಯಿಂದ ಮೂರು ಅಡಿ ದೂರದಲ್ಲಿ ಕುಳಿತವರಿಗೆ ಮಾತ್ರ ಆ ಕಿಟಕಿಯೇ ಮುಖಕ್ಕಿಂತ ಹಲವು ಪಟ್ಟು ದೊಡ್ಡದಾದ ದೀಪವಾಗುತ್ತದೆ.

ಯುರೋಪಿನ ಚಿತ್ರಕಾರರು ತಮ್ಮ ಕೆಲಸದ ಕೋಣೆಗೆ ಉತ್ತರದ ಕಿಟಕಿಯನ್ನು ಬಯಸುತ್ತಿದ್ದುದು ಅಲ್ಲಿ ಬಿಸಿಲು ನೇರವಾಗಿ ಬೀಳದೆ ಬೆಳಕು ಬಹುಹೊತ್ತು ಒಂದೇ ತೆರನಾಗಿರುತ್ತದೆಂಬ ಕಾರಣಕ್ಕೆ, ಮತ್ತು ಛಾಯಾಗ್ರಹಣದ ಪುಸ್ತಕಗಳು ಆ ಸಲಹೆಯನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿವೆ. ಕರ್ನಾಟಕದಲ್ಲಿ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಬೀದರಿನಲ್ಲಿ ಈ ಅವಧಿ ಇನ್ನೂ ಚಿಕ್ಕದು. ಆ ತಿಂಗಳುಗಳ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯೊಳಗೇ ನುಗ್ಗುತ್ತದೆ. ಆಗ ಬೆಳಗಿನ ಹೊತ್ತು ಪಶ್ಚಿಮದ, ಸಂಜೆಯ ಹೊತ್ತು ಪೂರ್ವದ ಕಿಟಕಿಯನ್ನು ಹಿಡಿಯುವುದು ಜಾಣತನ; ಅದು ಸಾಧ್ಯವಾಗದಿದ್ದರೆ ಕಿಟಕಿಗೆ ತೆಳುವಾದ ಬಿಳಿ ಪಂಚೆಯೊಂದನ್ನು ಕಟ್ಟಿದರೆ ಬಿಸಿಲು ಅದರಲ್ಲಿ ಚದುರಿ ಇಡೀ ಬಟ್ಟೆಯೇ ಬೆಳಕಿನ ಮೂಲವಾಗುತ್ತದೆ. ಬಣ್ಣದ ಪರದೆಯಾದರೆ ಅದರ ಬಣ್ಣ ಮುಖಕ್ಕೆ ಹತ್ತುತ್ತದೆ. ಮಳೆಗಾಲದ ಮೋಡ ಕವಿದ ಮಧ್ಯಾಹ್ನ ಈ ಯಾವ ತಾಪತ್ರಯವೂ ಇರುವುದಿಲ್ಲ.

ಕಿಟಕಿಯನ್ನು ಬೆನ್ನಿಗೆ ಇಟ್ಟುಕೊಂಡರೆ ಮುಖ ಕಪ್ಪಾಗುತ್ತದೆ, ಎದುರಿಗೆ ಇಟ್ಟುಕೊಂಡರೆ ಚಪ್ಪಟೆಯಾಗುತ್ತದೆ. ಕಿಟಕಿ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ತುಸು ಎತ್ತರದಲ್ಲಿದ್ದರೆ ಒಂದು ಕೆನ್ನೆ ಬೆಳಗಿ, ಇನ್ನೊಂದು ಕೆನ್ನೆಗೆ ತೆಳು ನೆರಳು ಬಿದ್ದು ಮುಖಕ್ಕೆ ಮೈದುಂಬುತ್ತದೆ. ಇನ್ನಷ್ಟು ಪಕ್ಕಕ್ಕೆ ತಿರುಗಿದರೆ ನೆರಳಿನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಬೆಳಕಿನ ಪುಟ್ಟ ತ್ರಿಕೋನವೊಂದು ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟನ ಭಾವಚಿತ್ರಗಳಲ್ಲಿ ಕಾಣುವುದರಿಂದ ಇದಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಕಚೇರಿಯ ಚಿತ್ರಕ್ಕೆ ಇಷ್ಟು ಗಾಂಭೀರ್ಯ ಅತಿಯೆನಿಸಿದರೆ, ನೆರಳಿನ ಬದಿಗೆ ಬಿಳಿ ಥರ್ಮಾಕೋಲ್ ಹಲಗೆಯನ್ನೋ ದೊಡ್ಡ ಡ್ರಾಯಿಂಗ್ ಹಾಳೆಯನ್ನೋ ನಿಲ್ಲಿಸಿ ಬೆಳಕನ್ನು ಹಿಂದಿರುಗಿಸಬಹುದು. ಕಣ್ಣಿನ ಕರಿಗುಡ್ಡೆಯಲ್ಲಿ ಕಿಟಕಿಯ ಪ್ರತಿಬಿಂಬ ಬಿಳಿ ಚುಕ್ಕೆಯಾಗಿ ಮಿಂಚುತ್ತಿದೆಯೇ ಎಂಬುದು ಬೆಳಕು ಸರಿಯಾಗಿದೆಯೆಂಬುದಕ್ಕೆ ಒಳ್ಳೆಯ ಗುರುತು. ಆ ಚುಕ್ಕೆಯಿಲ್ಲದ ಕಣ್ಣು ಕಳೆಗುಂದಿದಂತೆ ತೋರುತ್ತದೆ. ಕೋಣೆಯ ದೀಪಗಳನ್ನೆಲ್ಲ ಆರಿಸಬೇಕು, ಏಕೆಂದರೆ ಹಗಲಿನ ಬೆಳಕಿಗೂ ಹಳದಿ ಬಲ್ಬಿನ ಬೆಳಕಿಗೂ ಬಣ್ಣವೇ ಬೇರೆಯಾಗಿದ್ದು, ಎರಡೂ ಬೆರೆತರೆ ಒಂದು ಕೆನ್ನೆ ನೀಲಿಗೂ ಇನ್ನೊಂದು ಕಿತ್ತಳೆಗೂ ತಿರುಗುತ್ತದೆ.

ಹಿನ್ನೆಲೆಗೆ ಖಾಲಿ ಗೋಡೆ ಸಾಕು, ಅದರಿಂದ ನಾಲ್ಕು ಅಡಿ ಮುಂದೆ ಕುಳಿತರೆ ನೆರಳು ಗೋಡೆಗೆ ಬೀಳುವುದಿಲ್ಲ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಎಂಬುದು ಫೋನು ಲೆಕ್ಕಾಚಾರದಿಂದ ಮುಖದ ಅಂಚನ್ನು ಊಹಿಸಿ ಉಳಿದುದನ್ನು ಅಸ್ಪಷ್ಟಗೊಳಿಸುವ ತಂತ್ರವಾದುದರಿಂದ ಗುಂಗುರು ಕೂದಲು, ಕನ್ನಡಕದ ಕಡ್ಡಿ, ಜುಮುಕಿಯ ಮಣಿ, ಮುಡಿದ ಮಲ್ಲಿಗೆ ಇವುಗಳ ಬಳಿ ಅದು ಎಡವುತ್ತದೆ. ಅರ್ಧ ಕರಗಿದ ಜುಮುಕಿಗಿಂತ ಸ್ಪಷ್ಟವಾಗಿ ಕಾಣುವ ಗೋಡೆ ವಾಸಿ.

ಬ್ಯೂಟಿ ಮೋಡ್ ಹೆಸರಿನ ಸೌಲಭ್ಯವನ್ನಂತೂ ಪೂರ್ತಿಯಾಗಿ ಆರಿಸುವುದೇ ಸರಿ. ಚರ್ಮದ ರಂಧ್ರಗಳನ್ನು ಅಳಿಸಿ, ಮೈಬಣ್ಣವನ್ನು ತಿಳಿಯಾಗಿಸಿ, ಗಲ್ಲವನ್ನು ಕಿರಿದಾಗಿಸುವ ಈ ತಿದ್ದುಪಡಿಯ ಹಿಂದೆ ಬೆಳ್ಳಗಿರುವುದೇ ಚೆಲುವೆಂಬ ಹಳೆಯ ಪೂರ್ವಗ್ರಹವಿದೆ, ಸಂದರ್ಶನಕ್ಕೆ ಬಂದ ವ್ಯಕ್ತಿ ಚಿತ್ರದಲ್ಲಿರುವವರಂತೆ ಕಾಣದಿರುವ ಮುಜುಗರವೂ ಇದೆ. ಮೈಬಣ್ಣ ಕಡುವಾಗಿದ್ದು ಹಿನ್ನೆಲೆ ಬಿಳಿಯಾಗಿದ್ದರೆ ಫೋನು ಇಡೀ ದೃಶ್ಯದ ಸರಾಸರಿ ಹಿಡಿದು ಮುಖವನ್ನು ಇನ್ನಷ್ಟು ಕಪ್ಪಾಗಿಸುವುದುಂಟು. ತೆರೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಬಹುಪಾಲು ಫೋನುಗಳಲ್ಲಿ ಅಳತೆ ಮುಖಕ್ಕೇ ನಿಂತುಬಿಡುತ್ತದೆ, ಆಮೇಲೆ ಬೆರಳನ್ನು ಮೇಲೆ ಕೆಳಗೆ ಜಾರಿಸಿ ಹದ ಮಾಡಿಕೊಳ್ಳಬಹುದು. ಹಿನ್ನೆಲೆಗೆ ಬೂದು ಅಥವಾ ಮಣ್ಣಿನ ಬಣ್ಣ ಸಿಕ್ಕರೆ ಈ ಗೊಡವೆಯೇ ಇಲ್ಲ.

ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಮೇಜಿನ ಮೇಲೆ ಪುಸ್ತಕ ಪೇರಿಸಿ ಟೈಮರ್ ಇಡಬಹುದಾದರೂ ಮನೆಯವರೊಬ್ಬರು ಮಾತಾಡಿಸುತ್ತಾ ತೆಗೆದ ಚಿತ್ರದ ಸಹಜತೆಯೇ ಬೇರೆ. ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಬಿಂಬ ಮೂಡಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡುತ್ತಿದ್ದರು. ಆ ಆಸರೆ ಹೋಗಿ ಶತಮಾನ ಕಳೆದರೂ ಕ್ಯಾಮೆರಾ ಕಂಡೊಡನೆ ಕತ್ತು ಬಿಗಿಯುವ ಅಭ್ಯಾಸ ಹೋಗಿಲ್ಲ. ದೇಹವನ್ನು ತುಸು ಓರೆಯಾಗಿಸಿ ಮುಖವನ್ನಷ್ಟೇ ಕ್ಯಾಮೆರಾದ ಕಡೆ ತಿರುಗಿಸಿ, ಗಲ್ಲವನ್ನು ಕೊಂಚ ಮುಂದಕ್ಕೆ ತಂದರೆ ದವಡೆಯ ಗೆರೆ ಎದ್ದುಕಾಣುತ್ತದೆ.

ತೆಗೆದ ಚಿತ್ರಗಳಲ್ಲಿ ಒಂದನ್ನು ಆರಿಸುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಮನುಷ್ಯ ತನ್ನ ಮುಖವನ್ನು ದಿನವೂ ನೋಡುವುದು ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ. 1977ರಲ್ಲಿ ಪ್ರಕಟವಾದ ಮನೋವೈಜ್ಞಾನಿಕ ಪ್ರಯೋಗವೊಂದರಲ್ಲಿ ಭಾಗವಹಿಸಿದವರು ತಮ್ಮ ಕನ್ನಡಿ ಬಿಂಬದಂಥ ಚಿತ್ರವನ್ನು ಮೆಚ್ಚಿದರೆ, ಅವರ ಆಪ್ತರು ನೇರ ಚಿತ್ರವನ್ನೇ ಹೆಚ್ಚಾಗಿ ಮೆಚ್ಚಿದ್ದರು. ಆಯ್ಕೆಯಾದ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಹೋಗುವುದರಿಂದ ಡಾಕ್ಯುಮೆಂಟ್ ರೂಪದಲ್ಲಿಯೇ ಕಳಿಸಬೇಕು. ಪಾಸ್‌ಪೋರ್ಟಿಗೆ ಮಾತ್ರ ಈ ಚಿತ್ರ ನಡೆಯುವುದಿಲ್ಲ. ಅಲ್ಲಿ ಮುಖ ನೇರವಾಗಿ, ಹಿನ್ನೆಲೆ ಅಚ್ಚಬಿಳಿಯಾಗಿ, ನೆರಳೇ ಇಲ್ಲದಂತೆ ಇರಬೇಕಾದುದರಿಂದ, ಕಿಟಕಿ ಪಕ್ಕದಲ್ಲಿ ಕುಳಿತು ಕೆನ್ನೆಗೆ ತಂದುಕೊಂಡ ನೆರಳೇ ಅರ್ಜಿ ಮರಳಿ ಬರಲು ಕಾರಣವಾಗಬಹುದು.