ಶೆಫ್ ಆರ್ಡರಿನ ಫ್ರೆಂಚ್ ಪದಗಳು: ಕೊಯ್ಲಿಗೆ ಮೊದಲೇ ತಿಳಿದಿರಲಿ

ಬೆಂಗಳೂರಿನ ಹೋಟೆಲು, ಕೆಫೆಗಳಿಗೆ ನೇರವಾಗಿ ತರಕಾರಿ ಕೊಡೋರಿಗೆ ಆರ್ಡರ್ ಬರೋದು ವಾಟ್ಸಾಪ್‌ನಲ್ಲಿ. “ನಾಳೆ ಬೆಳಿಗ್ಗೆ ಆರಿಕೊ ವೆರ್ 10 ಕೆಜಿ, ಮೆಸ್ಕ್ಲಾಂ 4 ಕೆಜಿ, ಕೂರ್ಜೆಟ್ 5 ಕೆಜಿ.” ಮೂರೂ ಫ್ರೆಂಚ್ ಪದಗಳೇ. ಅರ್ಥ ಗೊತ್ತಿಲ್ಲದೆ “ಓಕೆ ಸರ್” ಅಂತ ಹಾಕಿಬಿಟ್ರೆ ಮಾರನೇ ದಿನ ಕ್ರೇಟು ವಾಪಸ್ ಬರಬಹುದು.

ಹೋಟೆಲ್ ಅಡುಗೆಮನೆಯಲ್ಲಿ ಈ ಭಾಷೆ ಯಾಕೆ ಬಂತು ಅಂದ್ರೆ, ದೊಡ್ಡ ಹೋಟೆಲ್‌ಗಳ ಅಡುಗೆಗೆ ಕಟ್ಟುನಿಟ್ಟು ತಂದವರು ಫ್ರೆಂಚರು. ಒಗ್ಯುಸ್ತ್ ಎಸ್ಕೊಫಿಯೆ 1903ರಲ್ಲಿ ಪ್ರಕಟಿಸಿದ ಅಡುಗೆ ಕೈಪಿಡಿಯನ್ನು ಈಗಲೂ ಶೆಫ್‌ಗಳು ತಿರುವಿ ನೋಡ್ತಾರೆ. ‘ಶೆಫ್’ ಅನ್ನೋದೂ ಫ್ರೆಂಚ್, ಮುಖ್ಯಸ್ಥ ಅಂತ ಅರ್ಥ. ನಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲೂ ಇದೇ ಪದಗಳನ್ನು ಕಲಿಸುತ್ತಾರೆ. ಹಾಗಾಗಿ ಶೆಫ್ ಇವನ್ನು ಬಳಸೋದು ಬರೀ ಶೋಕಿಗೆ ಅಂದ್ಕೋಬೇಡಿ. ಒಂದೊಂದು ಪದದೊಳಗೂ ಒಂದು ಅಳತೆ ಕೂತಿರುತ್ತೆ.

ಆರಿಕೊ ವೆರ್ ಅಂದ್ರೆ ಪದಕ್ಕೆ ಪದ ‘ಹಸಿರು ಹುರುಳಿಕಾಯಿ’. ಆದರೆ ನಾವು ಮಂಡಿಗೆ ಒಯ್ಯೋ ಬೀನ್ಸ್ ಇಲ್ಲಿ ನಡೆಯಲ್ಲ. ದುಂಡಗೆ, ಸಪೂರವಾಗಿ, ಒಳಗೆ ಕಾಳು ಉಬ್ಬದೆ, ನಾರಿಲ್ಲದೆ ಇರುವ ಎಳೆಗಾಯಿ ಬೇಕು. ಯುರೋಪಿನ ಮಾರುಕಟ್ಟೆ ದರ್ಜೆಯಲ್ಲಿ 6 ಮಿ.ಮೀ.ವರೆಗಿನ ಕಾಯಿ ‘ಅತಿ ಸಣ್ಣ’, 9 ಮಿ.ಮೀ.ವರೆಗಿನದು ‘ಸಣ್ಣ’. ಒಂದು ಪೆನ್ಸಿಲ್ ಸುಮಾರು 7 ಮಿ.ಮೀ. ಇರುತ್ತೆ, ಬಿಡಿಸುವವರ ಕೈಗೆ ಅದನ್ನೇ ಅಳತೆಗೆ ಕೊಡಿ. ನಮ್ಮ ಪಕ್ಕದೂರಿನ ಗೆಳೆಯರೊಬ್ಬರ ಎರಡು ಕ್ರೇಟು ಬೀನ್ಸ್ ನಗರದ ಒಂದು ಹೋಟೆಲಿನ ಹಿಂಬಾಗಿಲಿನಿಂದಲೇ ವಾಪಸ್ ಬಂತು. ಕಾಯಿ ತಾಜಾ ಇತ್ತು, ಒಂದು ಹನಿ ಔಷಧಿ ಹೊಡೆದಿರಲಿಲ್ಲ. ದಪ್ಪ ಜಾಸ್ತಿ, ಅಷ್ಟೇ ದೂರು.

ಇಲ್ಲಿ ತಳಿಯ ಲೆಕ್ಕವೂ ಇದೆ. ಅರ್ಕಾ ಕೋಮಲ್ ಒಳ್ಳೇ ತಳಿ, ಆದರೆ ಕಾಯಿ ಚಪ್ಪಟೆ. ಎಷ್ಟು ಎಳೆಯದಾಗಿ ಕಿತ್ತರೂ ಆರಿಕೊ ವೆರ್ ಆಗಲ್ಲ. ದುಂಡು, ಸಪೂರ ಕಾಯಿಯ ಬೀಜವೇ ಬೇಕು. ಒಂದೆರಡು ದಿನ ಬಿಟ್ಟರೂ ಕಾಯಿ ದಪ್ಪ ಆಗುತ್ತೆ, ಹಾಗಾಗಿ ಮತ್ತೆ ಮತ್ತೆ ಬಿಡಿಸಬೇಕು. ಒಂದು ಕೆಜಿಗೆ ಕಾಯಿಗಳ ಸಂಖ್ಯೆ ಹೆಚ್ಚು, ಕೂಲಿ ಹೆಚ್ಚು, ಒಟ್ಟು ತೂಕ ಕಡಿಮೆ. ಮಂಡಿ ರೇಟಿಗೆ ಇದನ್ನು ಒಪ್ಪಿಕೊಂಡರೆ ಕೈ ಸುಟ್ಟುಕೊಂಡ ಹಾಗೆ. ಹೆಸರು ಬೇರೆ ಅಂದ ಮೇಲೆ ರೇಟೂ ಬೇರೆ ಕೇಳಿ.

ಮೆಸ್ಕ್ಲಾಂ ದಕ್ಷಿಣ ಫ್ರಾನ್ಸಿನ ಪದ, ‘ಬೆರಕೆ’ ಅಂತ ಅರ್ಥ. ನಮ್ಮ ಬೆರಕೆ ಸೊಪ್ಪಿನ ಅಣ್ಣತಮ್ಮ ಅನ್ನಬಹುದು, ಆದರೆ ಬೇಯಿಸಲ್ಲ, ಹಸಿಯಾಗೇ ತಿನ್ನೋದು. ಎಳೇ ಲೆಟ್ಯೂಸ್, ರಾಕೆಟ್ ಎಲ್ಲ ಸೇರಿರುತ್ತೆ. ಕೂರ್ಜೆಟ್ ನಮಗೆ ಗೊತ್ತಿರುವ ಜುಕಿನಿಯೇ. ಬದನೆಗೆ ಹೇಳೋ ‘ಓಬೆರ್ಜಿನ್’ ಅರಬ್ಬಿಯ ‘ಅಲ್ ಬಾದಿಂಜಾನ್’ನಿಂದ ಸ್ಪೇನ್ ದಾಟಿ ಫ್ರಾನ್ಸಿಗೆ ಹೋದ ಪದ.

ಹೆಚ್ಚುವ ಪದಗಳಿಂದ ನಮಗೆ ಇನ್ನೂ ಲಾಭ ಇದೆ. ಜೂಲಿಯೆನ್ ಅಂದ್ರೆ ಬೆಂಕಿಕಡ್ಡಿಯಂತೆ ಉದ್ದುದ್ದ ಹೆಚ್ಚೋದು, ಬ್ರುನ್ವಾಸ್ ಅಂದ್ರೆ ಸುಮಾರು 3 ಮಿ.ಮೀ.ನ ಪುಟ್ಟ ಚೌಕ. ಇವೆರಡಕ್ಕೂ ನೆಟ್ಟಗಿರುವ, ಒಂದೇ ಸೈಜಿನ ಕ್ಯಾರೆಟ್ ಬೇಕು, ಇಲ್ಲದಿದ್ರೆ ಅರ್ಧ ಕಸಕ್ಕೆ ಹೋಗುತ್ತೆ. ಮಿರ್‌ಪ್ವಾ ಹಾಗಲ್ಲ. ಎರಡು ಪಾಲು ಈರುಳ್ಳಿ, ಒಂದು ಪಾಲು ಕ್ಯಾರೆಟ್, ಒಂದು ಪಾಲು ಸೆಲರಿಯನ್ನು ದಪ್ಪಗೆ ಹೆಚ್ಚಿ, ಸ್ಟಾಕ್‌ನಲ್ಲಿ ಬೇಯಿಸಿ ಸೋಸಿಬಿಡ್ತಾರೆ. ಅಲ್ಲಿ ಆಕಾರ ಯಾರಿಗೆ ಬೇಕು? ನಿಮ್ಮ ಸೊಟ್ಟ, ಕವಲೊಡೆದ ಕ್ಯಾರೆಟ್‌ನ ಫೋಟೊ ಹಾಕಿ, “ಮಿರ್‌ಪ್ವಾಗೆ ಆಗುತ್ತಾ ಶೆಫ್? ರೇಟ್ ಕಡಿಮೆ ಮಾಡ್ತೀನಿ” ಅಂತ ಕೇಳಿ. ಎರಡನೇ ದರ್ಜೆ ಮಾಲಿಗೆ ಇದಕ್ಕಿಂತ ಒಳ್ಳೇ ದಾರಿ ನನಗಂತೂ ಸಿಕ್ಕಿಲ್ಲ.

ಬುಕೆ ಗಾರ್ನಿ ಅಂದ್ರೆ ಪಾರ್ಸ್ಲಿ, ಥೈಮ್, ಬೇ ಎಲೆ ಸೇರಿಸಿ ದಾರದಲ್ಲಿ ಕಟ್ಟಿದ ಪುಟ್ಟ ಕಂತೆ. ಇದರ ಬೇ ಎಲೆ ನಮ್ಮ ಪಲಾವ್ ಎಲೆ ಅಲ್ಲ ಅನ್ನೋದು ನೆನಪಿರಲಿ. ಅದು ಲಾರೆಲ್ ಗಿಡದ್ದು, ನಮ್ಮದು ದಾಲ್ಚಿನ್ನಿ ಜಾತಿಯದ್ದು. ಘಮವೇ ಬೇರೆ.

ವೈನ್ ದ್ರಾಕ್ಷಿ ಬೆಳೆಯೋರು ಕೇಳೋ ಪದಗಳೂ ಇವೆ. ಕಾಯಿ ಮೆತ್ತಗಾಗಿ ಬಣ್ಣ ತಿರುಗುವ ಹಂತ ವೆರೇಜಾಂ. ತಳಿಗೆ ಸೆಪಾಜ್. ರುಚಿ ನೋಡುವಾಗ ಮೊದಲು ‘ರೋಬ್’, ಅಂದ್ರೆ ಉಡುಪು, ವೈನಿನ ಬಣ್ಣ. ಆಮೇಲೆ ‘ನೇ’, ಮೂಗು. ಕೊನೆಗೆ ‘ಬೂಶ್’, ಬಾಯಿ. ‘ಸೆಕ್’ ಅಂದ್ರೆ ಒಣ, ಸಿಹಿ ಇಲ್ಲದ್ದು. ‘ಟೆರ್ವಾರ್’ ಅನ್ನೋ ಪದಕ್ಕೆ ನಮ್ಮಲ್ಲಿ ಒಂದೇ ಮಾತು ಇಲ್ಲ. ಮಣ್ಣು, ಇಳಿಜಾರು, ಹವೆ, ಅಲ್ಲಿನವರ ಕೃಷಿ ರೂಢಿ ಎಲ್ಲ ಸೇರಿ ಬರೋ ಗುಣ ಅದು. ದೇವನಹಳ್ಳಿ ಚಕ್ಕೋತ, ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಸಿಕ್ಕಿದ್ದು ಇದೇ ವಿಚಾರದ ಮೇಲೆ.

ಬೆಂಗಳೂರು ಬ್ಲೂ ದ್ರಾಕ್ಷಿಗೂ ಜಿಐ ಇದೆ, ಆದರೆ ವೈನ್ ರುಚಿ ನೋಡೋರು ಅದರ ಗಾಢ ವಾಸನೆಯನ್ನು ‘ಫಾಕ್ಸೆ’ ಅಂತಾರೆ. ಅಮೆರಿಕ ಮೂಲದ ಲ್ಯಾಬ್ರಸ್ಕಾ ಬಳಗದ ಗುಣ ಇದು. ಅದೇ ಬಳಗದ ಇಸಾಬೆಲ್ಲಾ ತಳಿಯನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿತ್ತು. ನಮ್ಮ ಬಾಯಿಗೆ ಜ್ಯೂಸಿನಲ್ಲಿ ಇಷ್ಟವಾಗೋದೂ ಅದೇ ಘಮ ಅಲ್ವಾ! ವೈನರಿಯವರು ಬೇಡ ಅಂದ್ರೆ ಹಣ್ಣು ಕೆಟ್ಟಿದೆ ಅಂತಲ್ಲ, ಅವರ ಸೆಪಾಜ್ ಬೇರೆ.

ಉಚ್ಚಾರಣೆಗೆ ಹೆದರಬೇಡಿ. ಪದದ ಕೊನೇ ವ್ಯಂಜನ ಎಷ್ಟೋ ಸಲ ಮೌನ, ಮೊದಲ ‘ಹೆಚ್’ ಕೂಡ ಮೌನ. ಶೆಫ್ ಕಳಿಸಿದ ಪದವನ್ನು ಕಾಪಿ ಮಾಡಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ, ಭಾಷೆ ಫ್ರೆಂಚ್ ಅಂತ ಆರಿಸಿ, ಸ್ಪೀಕರ್ ಗುರುತು ಒತ್ತಿ ಕೇಳಿ. ಫೋಟೊಗಳನ್ನೂ ಹುಡುಕಿ. ಆಮೇಲೂ ಅನುಮಾನ ಇದ್ರೆ ನಾಲ್ಕು ಕಾಯಿ ಕಿತ್ತು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಹಿಂದಿನ ದಿನವೇ ಕಳಿಸಿ. “ಹೌದು” ಅನ್ನೋ ಉತ್ತರ ಬಂದ ಮೇಲೆ ಆಳು ಇಳಿಸಿ.