ಗಂಟಿನ ತುಣುಕು ಬೆಳಗಾವಿ ಮುಟ್ಟುವ ಮೊದಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಅನುಮಾನದ ಗಂಟು ಕಂಡರೆ ಸಣ್ಣ ತುಣುಕು ತೆಗೆದು ಬೆಳಗಾವಿಗೋ ಧಾರವಾಡಕ್ಕೋ ಹುಬ್ಬಳ್ಳಿಗೋ ಪರೀಕ್ಷೆಗೆ ಕಳಿಸುತ್ತಾರೆ. ಮನೆಯವರು ಕೇಳುವುದು ಒಂದೇ: ‘ರಿಪೋರ್ಟ್ ಬರಾಕ ಇಷ್ಟ ದಿನಾ ಯಾಕ್ರಿ?’

ತುಣುಕು ಮೊದಲು ಫಾರ್ಮಾಲಿನ್‌ನಲ್ಲಿ ಗಟ್ಟಿಯಾಗಬೇಕು, ಆಮೇಲೆ ಪ್ಯಾರಾಫಿನ್ ಮೇಣದಲ್ಲಿ ಕೂರಬೇಕು, ಮೂರು–ನಾಲ್ಕು ಮೈಕ್ರಾನಿನ ಪದರಾಗಿ ಗಾಜಿನ ಸ್ಲೈಡ್ ಏರಬೇಕು. ಮಾಮೂಲಿ ಬಣ್ಣದಲ್ಲಿ ಉತ್ತರ ಸಿಗದಿದ್ದರೆ ಪ್ರತಿಕಾಯದ ಸರದಿ. ಒಂದೇ ಒಂದು ಪ್ರೋಟೀನನ್ನು ಗುರುತಿಸಿ ಅಂಟಿಕೊಳ್ಳುವುದು ಅದರ ಕಸುಬು. ಮೊಲಕ್ಕೆ ಆ ಪ್ರೋಟೀನ್ ಚುಚ್ಚಿದರೆ ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಸುವ ದಾರಿಯನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ತೋರಿಸಿದರು. 1984ರಲ್ಲಿ ನೊಬೆಲ್ ಪಡೆದರು. ಸ್ಲೈಡಿನಲ್ಲಿ ಪ್ರತಿಕಾಯ ಅಂಟಿದ ಜಾಗ ಕಂದು ಬಣ್ಣವಾಗಿ, ಕೋಶಕೇಂದ್ರ ನೀಲಿಯಾಗಿ ಕಾಣುತ್ತದೆ.

ಗಾಲ್ಗಿಯ ಪ್ರತಿಕಾಯಗಳು ಈ ಸಾಲಿನಲ್ಲಿ ಸ್ವಲ್ಪ ಬೇರೆ. ಜೀವಕೋಶದ ಪ್ರೋಟೀನುಗಳಿಗೆ ಸಕ್ಕರೆ ಅಂಶ ಸೇರಿಸಿ, ಯಾವುದು ಎಲ್ಲಿಗೆಂದು ವಿಂಗಡಿಸುವ ಜಾಗವೇ ಗಾಲ್ಗಿ. ಇಟಲಿಯ ಕ್ಯಾಮಿಲ್ಲೊ ಗಾಲ್ಗಿ ಇದನ್ನು 1898ರಲ್ಲಿ ಗೂಬೆಯ ನರಕೋಶಗಳಲ್ಲಿ ಕಂಡ. ಅದಕ್ಕೆ ಮೂಲವಾದ ಬೆಳ್ಳಿಯ ಬಣ್ಣಗಾರಿಕೆಯನ್ನು 1873ರಲ್ಲಿ ಅವನು ಸಾಧಿಸಿದ್ದು ಅಬ್ಬಿಯಾತೆಗ್ರಾಸ್ಸೊ ಎಂಬ ಸಣ್ಣ ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ! ಗಾಲ್ಗಿ ಎಂಬುದು ಬರೀ ಬಣ್ಣದ ಕಲೆ ಎಂದು ಹೀಗಳೆದವರ ಬಾಯನ್ನು 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮುಚ್ಚಿಸಿತು.

ಜಿಎಂ130 ಎಂಬ ಗಾಲ್ಗಿ ಪ್ರೋಟೀನಿಗೆ ಪ್ರತಿಕಾಯ ಹಾಕಿದರೆ ಕೋಶಕೇಂದ್ರದ ಪಕ್ಕ ಬಿದಿಗೆ ಚಂದ್ರನಂಥ ಕಂದು ಗೆರೆ ಮೂಡುತ್ತದೆ. ಗಾಲ್ಗಿ ಒಡೆದು ಚದುರಿದ್ದರೆ ಗೆರೆಯೂ ಚುಕ್ಕೆಚುಕ್ಕೆ. ಗಾಲ್ಫ್3 ಎಂಬ ಇನ್ನೊಂದು ಪ್ರೋಟೀನಿಗೆ ಕ್ಯಾನ್ಸರಿನ ನಂಟಿದೆ ಎಂದು 2009ರಲ್ಲಿ ತಿಳಿಯಿತು. ಆದರೂ ಇವು ಹೆಚ್ಚಾಗಿ ಸಂಶೋಧಕರ ಉಪಕರಣ. ಸ್ತನದ ಗಂಟಿಗೆ ದಿನನಿತ್ಯ ಬಳಸುವುದು ಇಆರ್, ಪಿಆರ್, ಹರ್2 ಎಂಬ ಪ್ರೋಟೀನುಗಳ ಪ್ರತಿಕಾಯಗಳನ್ನು.

ಯಾವ ಪ್ರತಿಕಾಯವೇ ಆಗಲಿ, ಪರೀಕ್ಷೆಯ ಬಹುಮುಖ್ಯ ಗಳಿಗೆ ಬೆಳಗಾವಿಯಲ್ಲಿ ಅಲ್ಲ, ತುಣುಕು ತೆಗೆದ ಊರಿನಲ್ಲೇ ಕಳೆದುಹೋಗಿರುತ್ತದೆ ಎಂಬುದು ನನ್ನ ಎಣಿಕೆ. ದುಬಾರಿ ಯಂತ್ರದ ಮಾತಾಡುವವರು ತುಣುಕು ಹಾಕುವ ಶೀಶೆಯ ಮಾತಾಡುವುದಿಲ್ಲ. ಫಾರ್ಮಾಲಿನ್ ಮಾಂಸದೊಳಗೆ ಇಳಿಯುವುದು ತಾಸಿಗೆ ಸುಮಾರು ಒಂದು ಮಿಲಿಮೀಟರ್. ಫಾರ್ಮಾಲಿನ್ ಅಳತೆ ತುಣುಕಿನ ಹತ್ತು ಪಟ್ಟಾದರೂ ಇರಬೇಕು. ಸಲೈನ್‌ನಲ್ಲಿ ಹಾಕಿ ಬಸ್ಸಿಗೆ ಕೊಟ್ಟರೆ ದಾರಿಯಲ್ಲೇ ತುಣುಕು ಕೆಡತೊಡಗುತ್ತದೆ. ಮುಂದೆ ಎಂಥ ಪ್ರತಿಕಾಯ ಹಾಕಿದರೂ ಸುಳ್ಳು ಉತ್ತರ ಬರಬಹುದು. ಸ್ತನದ ತುಣುಕು ಫಾರ್ಮಾಲಿನ್‌ನಲ್ಲಿ 6ರಿಂದ 72 ತಾಸು ಇರಬೇಕೆಂಬ ಗಡುವಿದೆ. ಹೀಗಾಗಿ ಶೀಶೆಯ ಚೀಟಿಯಲ್ಲಿ ಹೆಸರಿನ ಜೊತೆ, ತುಣುಕು ತೆಗೆದ ಹೊತ್ತು ಮತ್ತು ಫಾರ್ಮಾಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆದು ಕಳಿಸಬೇಕು.