ಅಕ್ಕಿಗಿಂತ ಮೊದಲು ಅಕ್ಕಿಯ ಸುದ್ದಿ ಹೋಗಲಿ

ನಮ್ಮ ಬೈಂದೂರು ಕಡೆ ಕೊಯ್ಲಿನ ಹೊತ್ತಿಗೆ ಗದ್ದೆಗೆ ಕಟಾವು ಯಂತ್ರ ಬರ್ತದೆ, ಅದರ ಬೆನ್ನಿಗೇ ಭತ್ತ ಒಯ್ಯುವವರ ಲಾರಿ. ಹಸಿ ಭತ್ತಕ್ಕೆ ಅವರು ಹೇಳಿದ್ದೇ ರೇಟು. ಒಣಗಿಸಲು ಅಂಗಳ ಸಾಲದು, ಆಳು ಸಿಗುದಿಲ್ಲ, ಮೋಡ ಕಂಡರೆ ಎದೆ ಹೊಡ್ಕೊಳ್ತದೆ. ಹಾಗಾಗಿ ಕೊಟ್ಟುಬಿಡುವವರೇ ಹೆಚ್ಚು. ಕುಂದಾಪುರ, ಬ್ರಹ್ಮಾವರದ ಕಥೆಯೂ ಇದೇ.

ನನ್ನದು ಎರಡೆಕರೆ ಗದ್ದೆ, ಅಂಚಿನಲ್ಲಿ ತೆಂಗು. ಭತ್ತದಲ್ಲಿ ಅರ್ಧವನ್ನು ಮನೆಯಲ್ಲೇ ಬೇಯಿಸಿ, ಒಣಗಿಸಿ, ಹೆಚ್ಚು ಪಾಲಿಶ್ ಇಲ್ಲದೆ ಮಿಲ್ಲು ಮಾಡಿಸಿ ಮಾರುತ್ತೇನೆ. ಜತೆಗೆ ತೆಂಗಿನೆಣ್ಣೆ. ಗಿರಾಕಿಗಳೆಲ್ಲ ದೂರದವರು, ಆರ್ಡರು ಬರುವುದು ಆನ್‌ಲೈನಿನಲ್ಲಿ, ದುಡ್ಡು ಬರುವುದೂ ಮೊಬೈಲಿಗೆ. ಇವರು ನನ್ನನ್ನು ಹುಡುಕಿ ಬಂದದ್ದು ಹೇಗೆಂದು ಸುಮಾರು ಜನ ಕೇಳಿದ್ದಾರೆ. ಜಾಹೀರಾತಿಗೆ ನಾನು ದುಡ್ಡು ಹಾಕಿದವನಲ್ಲ. ಅವರನ್ನು ಕರೆತಂದದ್ದು ಬರವಣಿಗೆ.

‘ಕುಚ್ಚಲಕ್ಕಿ ಇದೆ, ಬೇಕಾದವರು ಫೋನ್ ಮಾಡಿ’ ಎಂದು ಹಾಕಿದರೆ ಅಕ್ಕಿ ಬೇಕಾದವ ಮಾತ್ರ ಓದುತ್ತಾನೆ, ಅದೂ ಆ ದಿನ ಅವನ ಕಣ್ಣಿಗೆ ಬಿದ್ದರೆ. ಆದರೆ ಪೇಟೆಯ ಮನೆಯಲ್ಲಿ ಕುಚ್ಚಲಕ್ಕಿ ಅನ್ನ ಗಟ್ಟಿಯಾಗಿ ಉಳಿದಿದೆ ಎನ್ನಿ. ಆ ಮನೆಯವರು ಅಂಗಡಿ ಹುಡುಕುವುದಿಲ್ಲ, ‘ಕುಚ್ಚಲಕ್ಕಿ ಬೇಯಿಸುವುದು ಹೇಗೆ’ ಎಂದು ಗೂಗಲಿನಲ್ಲಿ ಹುಡುಕುತ್ತಾರೆ. ಆ ಪ್ರಶ್ನೆಗೆ ಬೆಳೆದವನೇ ಸರಿಯಾದ ಉತ್ತರ ಬರೆದಿಟ್ಟಿದ್ದರೆ ಅವರು ಅವನ ಮನೆ ಬಾಗಿಲಿಗೇ ಬಂದ ಹಾಗೆ. ರಾತ್ರಿ ನೆನೆಹಾಕಿದರೆ ಬೇಗ ಬೇಯುತ್ತದೆ, ತೆರೆದ ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು, ಬಸಿದ ಗಂಜಿ ತಿಳಿಯನ್ನು ಚೆಲ್ಲಬೇಡಿ. ಇದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಬೆಂಗಳೂರಿನಲ್ಲಿ ಸೋನಾ ಮಸೂರಿ ಉಂಡು ಬೆಳೆದವರಿಗೆ ಅದು ಹೊಸತು.

ಎಂತ ಬರೆಯುದು ಎಂದು ತಲೆ ಕೆರೆದುಕೊಳ್ಳಬೇಕಾಗಿಲ್ಲ. ಫೋನಿನ ಹತ್ತಿರ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ್ದನ್ನು ಅವರದೇ ಮಾತಿನಲ್ಲಿ ಗುರುತು ಹಾಕಿ. ಒಂದೇ ಪ್ರಶ್ನೆ ಮೂರು ಸಲ ಬಂತೆಂದರೆ ಅದಕ್ಕೊಂದು ಲೇಖನ ಬರೆಯಬಹುದು ಎಂದರ್ಥ.

ತೆಂಗಿನೆಣ್ಣೆಯ ಸಂಗತಿ ಕೇಳಿ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಫೋನು: ‘ನಿಮ್ಮ ಎಣ್ಣೆ ಡಾಲ್ಡಾದ ಹಾಗೆ ಗಟ್ಟಿಯಾಗಿದೆ, ಎಂತ ಬೆರೆಸಿದ್ದೀರಿ?’ ಮಾರನೇ ದಿನ ಇನ್ನೊಬ್ಬರು. ಕರಾವಳಿಯ ಸೆಖೆಯಲ್ಲಿ ನಮ್ಮ ಎಣ್ಣೆ ಹೆಪ್ಪುಗಟ್ಟುವುದು ಅಪರೂಪ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಬೆಂಗಳೂರಿನ ಚಳಿಗಾಲದ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಬಾಟ್ಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಪುನಃ ತಿಳಿಯಾಗುತ್ತದೆ. ಇದನ್ನು ಎರಡು ಫೋಟೋ ಸಮೇತ ಬರೆದೆ. ಗಟ್ಟಿಯಾಗುವುದು ತೆಂಗಿನೆಣ್ಣೆಯ ಗುಣ ಎಂದೆನೇ ಹೊರತು ಶುದ್ಧತೆಗೆ ಪುರಾವೆ ಎನ್ನಲಿಲ್ಲ. ಬೆರಕೆ ಎಣ್ಣೆಯೂ ಗಟ್ಟಿಯಾಗಬಹುದಲ್ಲ. ನನ್ನ ಬರಹಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಇದನ್ನೇ. ಚಳಿಗಾಲ ಬಂದ ಕೂಡಲೇ ಪುನಃ ಓದುಗರು ಬರುತ್ತಾರೆ, ಅದರಲ್ಲಿ ಕೆಲವರು ಎಣ್ಣೆಯನ್ನೂ ಕೇಳುತ್ತಾರೆ. ಹೊಸಬರಿಗೆ ಬಾಟ್ಲಿಯ ಜತೆ ಅದರದ್ದೇ ಒಂದು ಚೀಟಿ ಹಾಕುತ್ತೇನೆ.

ಇನ್ನೊಂದು, ಹೆಸರಿನ ವಿಷಯ. ನಮ್ಮ ಅಕ್ಕಿಗೆ ಊರಿಗೊಂದು ಹೆಸರು. ಕೊಚ್ಚಕ್ಕಿ, ಕುಚ್ಚಿಗೆ ಅಕ್ಕಿ, ಕುಚ್ಚಲಕ್ಕಿ. ಅಂಗಡಿ ಚೀಲದ ಮೇಲೆ ಬಾಯ್ಲ್ಡ್ ರೈಸ್, ಪೇಟೆಯವರಿಗೆ ಬರೀ ಕೆಂಪಕ್ಕಿ. ಹುಡುಕುವವ ಯಾವ ಹೆಸರು ಒತ್ತುತ್ತಾನೆ ಎಂದು ನಮಗೇನು ಗೊತ್ತು? ಅದಕ್ಕೇ ಇಷ್ಟೂ ಹೆಸರು ಬರಹದಲ್ಲಿ ಒಂದೊಂದು ಸಲವಾದರೂ ಬರಬೇಕು. ತಳಿಯ ಹೆಸರೂ ಇರಲಿ, ಎಂಒ-4 ಆದರೆ ಎಂಒ-4 ಎಂದೇ ಹೇಳಿ. ಅಜ್ಜನ ಕಾಲದ ಅಕ್ಕಿ ಮುಡಿ ಕಟ್ಟುವ ಕ್ರಮ ಬರೆದಾಗ ಮುಂಬಯಿಯಲ್ಲಿರುವ ನಮ್ಮೂರಿನವರು ಸುಮಾರು ಜನ ಮಾತಾಡಿಸಿದರು. ಮುಡಿ ಅವರಿಗೆ ಬೇಡ. ಅಕ್ಕಿ ತರಿಸಿಕೊಂಡರು.

ಬರೆದು ತೋರಿಸಿದರೆ ಎಂತ ಆಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ ಬಾಳೆಕಾಯಿ ಹುಡಿ. 2021ರಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಬಾಳೆಕಾಯಿ ಕೊಯ್ದು, ಒಣಗಿಸಿ, ಹುಡಿ ಮಾಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಹುಡಿ ಡಬ್ಬಿಯಲ್ಲೇ ಇರುತ್ತಿತ್ತು. ಅದರಲ್ಲಿ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೋ ಸಮೇತ ಮೊಬೈಲಿನಲ್ಲಿ ಹಂಚಿದರು. ಆ ವರ್ಷದ ಜುಲೈ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೂ ಇದನ್ನು ಹೇಳಿದರು. ಹುಡಿ ಇದೆ ಎನ್ನುವುದಕ್ಕಿಂತ ಹುಡಿಯಿಂದ ಎಂತ ಮಾಡಬಹುದು ಎನ್ನುವುದು ಜನರಿಗೆ ಬೇಕಿತ್ತು. ಉಪಾಯವೇನೂ ಹೊಸತಲ್ಲ. ಅಮೆರಿಕದ ನೇಗಿಲು ಕಂಪೆನಿ ಜಾನ್ ಡೀರ್ 1895ರಲ್ಲೇ ‘ದಿ ಫರೋ’ ಎಂಬ ಪತ್ರಿಕೆ ಶುರು ಮಾಡಿ ರೈತರಿಗೆ ಬೇಸಾಯದ ಮಾಹಿತಿ ಕೊಡತೊಡಗಿತು. ಈಗ ನಾವು ಪೇಟೆಯವರಿಗೆ ಕೊಡುವುದು, ಅಷ್ಟೇ.

ಎಲ್ಲಿ ಬರೆಯುದು? ವಾಟ್ಸಪ್ಪಿನಲ್ಲಿ ಹಾಕಿದ್ದು ಎರಡು ದಿನದಲ್ಲಿ ಮೇಲೆ ಹೋಗಿ ಮರೆಯಾಗುತ್ತದೆ. ಪರಿಚಯದವರಿಗೆ ‘ಹೊಸ ಅಕ್ಕಿ ಬಂತು’ ಎನ್ನಲು ಅದು ಸಾಕು. ಅಪರಿಚಿತರು ಬರಬೇಕಾದರೆ ಗೂಗಲಿಗೆ ಕಾಣುವಂಥ ನಮ್ಮದೇ ಒಂದು ಪುಟ ಇರಬೇಕು. ಪುಕ್ಕಟೆ ಮಾಡಿಕೊಳ್ಳಬಹುದು, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಒಂದು ಸಂಜೆಯ ಕೆಲಸ. ಪ್ರತಿ ಬರಹದ ಕೊನೆಯಲ್ಲಿ ಮೂರು ಸಂಗತಿ ಇರಲಿ: ಈಗ ದಾಸ್ತಾನು ಎಷ್ಟಿದೆ, ಕಿಲೋಗೆ ಎಷ್ಟು, ಕಳಿಸುವ ಖರ್ಚು ಎಷ್ಟು. ಅಕ್ಕಿ ಮುಗಿದಿದ್ದರೆ ‘ಮುಗಿದಿದೆ, ಮುಂದಿನ ಕೊಯ್ಲಿಗೆ’ ಎಂದು ಹಾಕಿ.

ಸಾಗಾಟದ ಲೆಕ್ಕ ಬರೆಯುವ ಮೊದಲೇ ಆಗಬೇಕು. ಐದು ಕಿಲೋ ಅಕ್ಕಿಗೆ ಪಾರ್ಸೆಲ್ ಖರ್ಚು ಅಕ್ಕಿಯ ಬೆಲೆಯನ್ನೇ ನುಂಗೀತು. ಅದಕ್ಕೆ ನಾನು ಇಪ್ಪತ್ತೈದು ಕಿಲೋಗಿಂತ ಕಡಿಮೆ ಕಳಿಸುವುದಿಲ್ಲ, ರಾತ್ರಿ ಬಸ್ಸಿನಲ್ಲಿ ಹಾಕುತ್ತೇನೆ. ಒಂದೇ ಬೀದಿಯ ಮೂರು ಮನೆ ಸೇರಿ ತರಿಸಿಕೊಂಡರೆ ಇಬ್ಬರಿಗೂ ಲಾಭ.

ಬರೆಯುವಾಗ ಕೈ ಬಿಗಿ ಇರಲಿ. ‘ಕೆಂಪಕ್ಕಿಯಿಂದ ಸಕ್ಕರೆ ಕಾಯಿಲೆ ಗುಣ’ ಎಂದೆಲ್ಲ ಮೊಬೈಲಿನಲ್ಲಿ ಓಡಾಡುವುದನ್ನು ನಕಲು ಮಾಡಬೇಡಿ. ಆಹಾರದಿಂದ ರೋಗ ವಾಸಿ ಎಂದು ಪ್ರಚಾರ ಮಾಡುವುದಕ್ಕೆ 2018ರ ಆಹಾರ ಸುರಕ್ಷತಾ ನಿಯಮದಲ್ಲಿ ಅವಕಾಶ ಇಲ್ಲ. ಪ್ಯಾಕೆಟ್ ಮಾಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಸುಣ್ಣ, ಸಗಣಿ ಗೊಬ್ಬರ, ಒಂದು ಸಲ ಯೂರಿಯ ಹಾಕಿದ್ದರೆ ಹಾಗೆಯೇ ಬರೆಯಿರಿ. ನಾನು ಯೂರಿಯದ ಲೆಕ್ಕ ಬರೆದದ್ದಕ್ಕೆ ಒಬ್ಬರು ಅಕ್ಕಿ ಬೇಡವೆಂದರು. ನಾಲ್ಕು ಮಂದಿ ‘ಇದನ್ನು ಬರೆದದ್ದಕ್ಕೇ ತರಿಸುತ್ತೇವೆ’ ಎಂದರು. ತವುಡು ಉಳಿದ ಅಕ್ಕಿಗೆ ಬೇಗ ಹುಳ ಬರುತ್ತದೆ, ಎರಡು ತಿಂಗಳಿಗೆ ಬೇಕಾದಷ್ಟೇ ತರಿಸಿ ಎಂದೂ ಹೇಳಿದ್ದೇನೆ. ಅಂಥವರು ಎರಡು ತಿಂಗಳಿಗೊಮ್ಮೆ ಪುನಃ ಕೇಳುತ್ತಾರೆ.

ವಾರಕ್ಕೊಂದು ಬರೆಯಬೇಕೆಂದು ಪೇಟೆಯವರು ಹೇಳುವುದುಂಟು. ನಟ್ಟಿ, ಕೊಯ್ಲಿನ ಹೊತ್ತಿಗೆ ನನ್ನಿಂದ ಒಂದಕ್ಷರ ಆಗುವುದಿಲ್ಲ. ಮಳೆಗಾಲದ ಸಂಜೆ ಕೂತು ನಾಲ್ಕೈದು ಬರೆದಿಟ್ಟುಕೊಂಡು ತಿಂಗಳಿಗೊಂದರಂತೆ ಹಾಕುತ್ತೇನೆ. ಮುಂದಿನದಕ್ಕೆ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ತಯಾರಿದೆ: ಕುಚ್ಚಲಕ್ಕಿಯಲ್ಲಿ ದೋಸೆ ಹಿಟ್ಟು ರುಬ್ಬಬಹುದಾ?